ಒಂದೇ ನಂಬರ್, ಇಬ್ಬರು ಮತದಾರರು: ಡೇಟಾಬೇಸ್ ಕನ್‌ಸ್ಟ್ರೇಂಟ್ ಅಂದರೇನು?

ಬೇರೆ ಬೇರೆ ರಾಜ್ಯಗಳ ಕೆಲವು ಮತದಾರರಿಗೆ ಒಂದೇ ಎಪಿಕ್ ಸಂಖ್ಯೆ ಇದೆ ಅಂತ ಚುನಾವಣಾ ಆಯೋಗ 2025ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಎರೋನೆಟ್ ವ್ಯವಸ್ಥೆಗೆ ಸೇರುವ ಮುಂಚೆ ರಾಜ್ಯಗಳು ತಮ್ಮ ಪಾಡಿಗೆ ಸಂಖ್ಯೆ ಕೊಡುತ್ತಿದ್ದವು ಅನ್ನೋದು ಅದರ ವಿವರಣೆ. ಪಕ್ಷಗಳು ಕಿತ್ತಾಡುತ್ತಿದ್ದಾಗ ನನಗೆ ನೆನಪಾದದ್ದು ಇಂಜಿನಿಯರಿಂಗ್‌ನ ಡಿಬಿಎಂಎಸ್ ಕ್ಲಾಸು. ಆಗ ನಿದ್ದೆ ಮಾಡಿದ್ದೆ, ಈಗ ಪಶ್ಚಾತ್ತಾಪ.

ರಿಲೇಷನಲ್ ಡೇಟಾಬೇಸ್ ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಕೋಷ್ಟಕಗಳು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಈ ಮಾದರಿ ಮಂಡಿಸಿದರು. ಕೋಷ್ಟಕದೊಳಗೆ ಏನು ಬರಬಹುದು, ಏನು ಬರಕೂಡದು ಅಂತ ಮೊದಲೇ ಬರೆದಿಡುವ ಕಟ್ಟುಪಾಡೇ ಕನ್‌ಸ್ಟ್ರೇಂಟ್. ‘ಚೆಕ್’ ಹಾಕಿದರೆ 18 ತುಂಬದವರ ಹೆಸರು ಒಳಗೆ ಹೋಗಲ್ಲ. ‘ಫಾರಿನ್ ಕೀ’ ಇದ್ದರೆ, ಬೂತ್‌ಗಳ ಕೋಷ್ಟಕದಲ್ಲೇ ಇಲ್ಲದ ಬೂತಿಗೆ ಮತದಾರರನ್ನು ಸೇರಿಸಲಾಗದು. (ಮೈಎಸ್‌ಕ್ಯೂಎಲ್ 2019ರವರೆಗೂ ‘ಚೆಕ್’ ನಿಯಮವನ್ನು ಓದಿಕೊಂಡು ಸುಮ್ಮನೆ ಬಿಟ್ಟುಬಿಡುತ್ತಿತ್ತು. ಥೇಟ್ ನಮ್ಮ ಕೆಲವು ಕಾಯ್ದೆಗಳ ಹಾಗೆ.)

ಎಪಿಕ್ ವಿಷಯಕ್ಕೆ ಬೇಕಾದದ್ದು ‘ಯೂನಿಕ್’: ಒಂದು ಸಂಖ್ಯೆ ಎರಡು ಸಲ ಬರುವಂತಿಲ್ಲ. ಆದರೆ ಎಲ್ಲಿ ಎರಡು ಸಲ? ರಾಜ್ಯದೊಳಗೋ, ದೇಶದಲ್ಲೋ? ಪ್ರತಿ ರಾಜ್ಯದ ಪಟ್ಟಿಯೂ ಈ ನಿಯಮದಲ್ಲಿ ಪಾಸಾಗಿ, ಎಲ್ಲ ಪಟ್ಟಿ ಕೂಡಿಸಿದ ದಿನ ಫೇಲಾಗಬಹುದು. ಇನ್ನೊಂದು ಮಿತಿಯೂ ಇದೆ. ಒಬ್ಬರೇ ವ್ಯಕ್ತಿ ಎರಡು ಬೇರೆ ಸಂಖ್ಯೆ ಪಡೆದಿದ್ದರೆ ‘ಯೂನಿಕ್’ಗೆ ಅದು ಕಾಣೋದೇ ಇಲ್ಲ. ಅದು ನೋಡುವುದು ಸಂಖ್ಯೆಯನ್ನ, ಮನುಷ್ಯರನ್ನಲ್ಲ.

ನನ್ನ ಪ್ರಕಾರ ನಿಜವಾದ ರಾಜಕೀಯ ಇರೋದು ‘ನಾಟ್ ನಲ್’ನಲ್ಲಿ. ಈ ಕಾಲಂ ಖಾಲಿ ಬಿಡುವಂತಿಲ್ಲ ಅನ್ನುವ ನಿಯಮ ಅದು. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ಮಹದೇವಪುರದ ಪಟ್ಟಿ ತೋರಿಸಿ, ಮನೆ ನಂಬರ್ ‘0’ ಇರುವ ಮತದಾರರ ಬಗ್ಗೆ ಪ್ರಶ್ನೆ ಎತ್ತಿದರು. ಪಂಚಾಯಿತಿ, ಪುರಸಭೆಗಳು ನಂಬರ್ ಕೊಡದ ಕಡೆ, ಮನೆಯೇ ಇಲ್ಲದವರಿಗೆ ಸೊನ್ನೆ ಹಾಕುತ್ತೇವೆ ಎಂಬುದು ಮುಖ್ಯ ಚುನಾವಣಾ ಆಯುಕ್ತರ ಉತ್ತರ. ಆಯೋಗದ ಡೇಟಾಬೇಸಿನಲ್ಲಿ ಯಾವ ನಿಯಮವಿದೆ ಅಂತ ಹೊರಗಿನವರು ನೋಡಿಲ್ಲ, ನಾನೂ ನೋಡಿಲ್ಲ. ಆದರೆ ಖಾಲಿ ಬಿಡಲು ಅವಕಾಶವಿಲ್ಲದ ಯಾವ ಫಾರ್ಮಿನಲ್ಲೂ ಆಗುವುದು ಇದೇ: ಕಾಲಂ ತುಂಬುತ್ತೆ, ಮಾಹಿತಿ ತುಂಬಲ್ಲ. ‘ನಲ್’ ಅಂದರೆ ಗೊತ್ತಿಲ್ಲ. ಸೊನ್ನೆ ಅಂದರೆ ಸೊನ್ನೆ. ಹೀಗೆ ತುಂಬಿದ ಮೇಲೆ ಫುಟ್‌ಪಾತಿನಲ್ಲಿ ಮಲಗುವವರು, ನಂಬರ್ ಸಿಗದ ಬಡಾವಣೆಯವರು, ನಕಲಿ ಹೆಸರು, ಮೂರೂ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಬೂತ್ ಮಟ್ಟದ ಅಧಿಕಾರಿ ಮತ್ತೆ ನಡೆದೇ ಹೋಗಬೇಕು.