ಕಾರ್ಮಿಕ ಸಂಘದಿಂದ ಶಾಸನಸಭೆಗೆ: ಬಂಟವಾಳದ ಒಂದು ದೃಷ್ಟಾಂತ

ಕಾರ್ಮಿಕ ಸಂಘದಲ್ಲಿ ಮೊದಲಾಗಿ ರಾಷ್ಟ್ರದ ರಾಜಕಾರಣದಲ್ಲಿ ಮುಗಿಯುವ ಜೀವನಗಳನ್ನು ಬರೆಯುವವರು ಅವನ್ನು ಏಣಿಯ ಮೆಟ್ಟಲುಗಳಂತೆ ವರ್ಣಿಸುವುದು ವಾಡಿಕೆ. ಡಚ್ಚರ ದೇಶದಲ್ಲಿ ವಿಮ್ ಕಾಕ್ ಎಂಬವರು ಕಾರ್ಮಿಕ ಒಕ್ಕೂಟದ ಅಧ್ಯಕ್ಷತೆಯಿಂದ ಹೊರಟು 1994ರಲ್ಲಿ ಪ್ರಧಾನಮಂತ್ರಿಗಳಾದರು. ನಮ್ಮ ಕರಾವಳಿಯವರಿಗೆ ಇಂಥ ಉದಾಹರಣೆಯನ್ನು ಅಷ್ಟು ದೂರದಲ್ಲಿ ಹುಡುಕಬೇಕಾದುದಿಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಮುಂಬಯಿಯ ಕಾರ್ಮಿಕರನ್ನು ಸಂಘಟಿಸಿ, 1967ರಲ್ಲಿ ಅಲ್ಲಿಂದಲೇ ಲೋಕಸಭೆಗೆ ಗೆದ್ದು, 1974ರ ರೈಲ್ವೆ ಮುಷ್ಕರವನ್ನು ನಡೆಯಿಸಿ, 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫರಪುರದಿಂದ ಆರಿಸಲ್ಪಟ್ಟರು. ಕರ್ನಾಟಕದಿಂದ ಮಾತ್ರ ಅವರು ಲೋಕಸಭೆಯನ್ನು ಸೇರಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ನಿಂತು ಸೋತರು.

ಇದಕ್ಕೆ ವಿಪರೀತವಾದ ಕ್ರಮದಲ್ಲಿ ನಡೆದ ಒಂದು ಜೀವನವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇನೆ. ಬೇವಿಂಜೆ ವಿಷ್ಣು ಕಕ್ಕಿಲ್ಲಾಯರು 1919ರ ಏಪ್ರಿಲ್ 9ರಂದು ಕಾಸರಗೋಡಿನ ಕಡೆಯಲ್ಲಿ ಜನಿಸಿದವರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿಯಿಂದ ಕಮ್ಯೂನಿಸ್ಟ್ ಪಕ್ಷಕ್ಕೆ ಬಂದು, ಕಾರ್ಮಿಕರ ಸಂಘಟನೆಯಲ್ಲಿ ತೊಡಗಿದರು. 1952ರಲ್ಲಿ, ತಮ್ಮ 33ನೆಯ ವರ್ಷದಲ್ಲಿ, ರಾಜ್ಯಸಭೆಯ ಸದಸ್ಯರಾದರು. ರಾಷ್ಟ್ರದ ಸಭೆ ಇವರಿಗೆ ಮೊದಲು ದೊರೆಯಿತು. ಬಂಟವಾಳ ದೊರೆತದ್ದು ಇಪ್ಪತ್ತು ವರ್ಷಗಳ ಅನಂತರ.

ಆ ಪೂರ್ವಾಪರಗಳ ಅರ್ಥವೇನು? ಮೊದಲು ಅಂದಿನ ಆಡಳಿತದ ಮೇರೆಗಳನ್ನು ನೆನೆಯಬೇಕು. 1952ರಲ್ಲಿ ದಕ್ಷಿಣ ಕನ್ನಡವು ಮದರಾಸು ರಾಜ್ಯಕ್ಕೆ ಸೇರಿದ್ದಿತು. ಅಲ್ಲಿಯ 375 ಸ್ಥಾನಗಳ ವಿಧಾನಸಭೆಯಲ್ಲಿ ಕಮ್ಯೂನಿಸ್ಟರು 62 ಮಂದಿ ಇದ್ದುದರಿಂದ, ರಾಜ್ಯಸಭೆಗೆ ತಮ್ಮವರನ್ನು ಕಳುಹಿಸುವ ಶಕ್ತಿ ಅವರಿಗಿದ್ದಿತು. ಸಭೆಯ ಪ್ರಥಮ ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ಎರಡು ವರ್ಷಕ್ಕೇ ನಿವೃತ್ತರಾಗಬೇಕಾಗಿದ್ದಿತು; ಕಕ್ಕಿಲ್ಲಾಯರ ಅವಧಿಯೂ 1954ರ ಏಪ್ರಿಲಿನಲ್ಲಿ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರಿಗೂ, ಅವರು ಹುಟ್ಟಿದ ಕಾಸರಗೋಡು ಕೇರಳಕ್ಕೂ ಸೇರಿದುವು. ಹೀಗೆ ಹಳೆಯ ದಕ್ಷಿಣ ಕನ್ನಡದ ಎಲ್ಲೆಯೊಳಗೇ ಬಾಳಿದವರೊಬ್ಬರ ಜನ್ಮಭೂಮಿ ಒಂದು ರಾಜ್ಯದಲ್ಲಿ, ಮೊದಲ ಸದಸ್ಯತ್ವ ಇನ್ನೊಂದರಿಂದ, ಶಾಸನಕಾರ್ಯ ಮತ್ತೊಂದರಲ್ಲಿ ಎಂಬಂತಾಯಿತು. ಕರ್ನಾಟಕದ ಏಕೀಕರಣವನ್ನು ಬಯಸಿದವರಿಗೆ ಇದು ಎಂಥ ಫಲವೆಂದು ವಾಚಕರೇ ಊಹಿಸಬಹುದು.

ಇನ್ನು ಕಾರ್ಮಿಕರ ವಿಚಾರ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ನದೀತೀರಗಳ ಜೇಡಿಮಣ್ಣು ಈ ಸೀಮೆಯ ಮುಖ್ಯ ಉದ್ಯಮಕ್ಕೆ ಆಧಾರವಾಯಿತು. ಹಂಚಿನ ಕೆಲಸಗಾರರು ಒಂದೇ ಆವರಣದಲ್ಲಿ ದುಡಿಯುವವರಾದುದರಿಂದ ಅವರ ಸಂಘವನ್ನು ಕಟ್ಟುವುದು ಸಾಧ್ಯವಾಗಿದ್ದಿತು. ಬೀಡಿಯ ಕೆಲಸ ಹಾಗಲ್ಲ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಹೆಂಗಸರು ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು, ನೂಲುಗಳನ್ನು ತಂದು, ಮನೆಯ ಜಗಲಿಯಲ್ಲಿ ಕಟ್ಟಿ, ಸಾವಿರಕ್ಕೆ ಇಷ್ಟೆಂದು ಕೂಲಿ ಪಡೆಯುತ್ತಾರೆ. ಕಾರ್ಖಾನೆಯೇ ಕಾಣದಲ್ಲಿ ಯಜಮಾನನಾರು, ನೌಕರನಾರು ಎಂಬುದೇ ವಿವಾದವಾಗುತ್ತದೆ. ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಒಪ್ಪಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಶಾಸನ ಬಂದುದು 1966ರಲ್ಲಿ; ಅದು ಪಾರ್ಲಿಮೆಂಟಿನ ಶಾಸನ.

ಆದರೆ ಅದೇ ಜಗಲಿಯ ಕೆಳಗಿನ ನೆಲ ಪಾರ್ಲಿಮೆಂಟಿನ ಕೈಯಲ್ಲಿರಲಿಲ್ಲ. ಈ ಸೀಮೆಯ ಕುಟುಂಬಗಳಲ್ಲಿ ಬೀಡಿ ಕಟ್ಟುವ ಕೈಗಳೂ ಗೇಣಿಗೆ ಉಳುವ ಕೈಗಳೂ ಅನೇಕವೇಳೆ ಒಂದೇ ಮನೆಯವು. ಭೂಮಿ ಬೀಡು, ಮಠ, ದೇವಸ್ಥಾನ, ಬಸದಿಗಳದೋ ಧನಿಗಳದೋ ಆಗಿದ್ದು, ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿದ್ದರೂ ಚಾಲಗೇಣಿಯವನನ್ನು ಒಕ್ಕಲೆಬ್ಬಿಸಬಹುದಾಗಿದ್ದಿತು. ಗೇಣಿಯ ಅಕ್ಕಿಯನ್ನು ಅಳೆದುಕೊಟ್ಟ ಮೇಲೆ ಉಳಿದುದು ಸಾಲದ ಮನೆಗೆ ಬೀಡಿಯ ಕೂಲಿ ಪೂರಕವಾಗಿದ್ದಿತೆಂದರೆ, ಕೂಲಿಯ ಪ್ರಶ್ನೆಯ ಬೇರು ಗೇಣಿಯಲ್ಲಿದ್ದಿತೆಂದೇ ಹೇಳಬೇಕು. ಸಂವಿಧಾನದಲ್ಲಿ ಭೂಮಿಯು ರಾಜ್ಯಗಳ ಪಟ್ಟಿಗೆ ಸೇರಿದೆ. ಕಾರ್ಮಿಕ ವಿಷಯ ಉಭಯರಿಗೂ ಸೇರಿದೆ. ದೆಹಲಿಯ ಸದಸ್ಯನು ಕೂಲಿಗಾಗಿ ವಾದಿಸಬಹುದಾಗಿದ್ದಿತು, ಗೇಣಿಯನ್ನು ರದ್ದುಮಾಡುವಂತಿರಲಿಲ್ಲ. ಕಕ್ಕಿಲ್ಲಾಯರು 1972ರಲ್ಲಿ ಬಂಟವಾಳದಿಂದ ವಿಧಾನಸಭೆಗೆ ಬಂದುದನ್ನು ಇಳಿತವೆಂದು ಎಣಿಸಬಾರದೆನ್ನುವುದಕ್ಕೆ ಇದೇ ಕಾರಣ.

ಅವರು ಕುಳಿತಿದ್ದ ಆ ಸಭೆಯ ಕಾಲದಲ್ಲಿಯೇ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಶಾಸನವಾಯಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳು ಸರಕಾರದಲ್ಲಿ ನಿಹಿತವಾದುವು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ಹಾಕಿ ಭೂನ್ಯಾಯ ಮಂಡಲಿಯ ಮುಂದೆ ತನ್ನ ಸಾಗುವಳಿಯನ್ನು ಸಾಧಿಸಬೇಕಾಯಿತು. ಮಂಡಲಿಯಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಕಾಗದವನ್ನೇ ಕಾಣದ ಒಕ್ಕಲಿಗೆ ಅರ್ಜಿ ಬರೆಯಿಸಿ, ಸಾಕ್ಷಿ ನುಡಿಯಿಸುವ ಧೈರ್ಯ ಕೊಡಬೇಕಾದರೆ ಸಂಘಟನೆಯ ಅಭ್ಯಾಸವೇ ಬೇಕಾಗುತ್ತದೆ. ಶಾಸನದ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದು ನಮ್ಮ ಉದ್ದೇಶವಲ್ಲ; ಅದು ಅರಸರಿಗೂ, ರೈತಸಂಘಗಳ ಹಲವು ದಶಕಗಳ ದುಡಿಮೆಗೂ ಸಲ್ಲತಕ್ಕದ್ದು.

ಒಂದು ಆಕ್ಷೇಪಣೆಯನ್ನು ಮರೆಮಾಡಲಾಗದು. ಶಾಸನವು ಭೂಮಿಯನ್ನು ಕೊಟ್ಟುದು ಗೇಣಿದಾರನಿಗೆ. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಹೆಚ್ಚೆಂದರೆ ವಾಸದ ಮನೆಯ ಹಕ್ಕು ದೊರೆಯಿತು. ಸಂಘವು ಯಾರ ಹೆಸರಿನಲ್ಲಿ ಮೊದಲಾಯಿತೋ ಅವರಲ್ಲಿ ಅತ್ಯಂತ ಬಡವರು ಹೀಗೆ ಹೊರಗುಳಿದರು. ಅವರ ಮನೆಗಳಲ್ಲಿ ಬೀಡಿಯ ಮೊರ ಕೆಳಗಿಳಿಯಲಿಲ್ಲ.

1978ರಲ್ಲಿ ಕಕ್ಕಿಲ್ಲಾಯರು ನೆರೆಯ ವಿಟ್ಲದಿಂದ ಮತ್ತೆ ಆಯ್ಕೆಯಾದರು. 2012ರ ಜೂನ್ 4ರಂದು ನಿಧನರಾದರು. ಅವರ ಆತ್ಮಕಥೆಗೆ ‘ಬರೆಯದ ದಿನಚರಿಯ ಮರೆಯದ ಪುಟಗಳು’ ಎಂದು ಹೆಸರು. ಈ ಸೀಮೆಯ ಗೇಣಿಯ ಚರಿತ್ರೆಯನ್ನು ಬರೆಯಹೊರಡುವವರು ಭೂನ್ಯಾಯ ಮಂಡಲಿಗಳ ತೀರ್ಪುಗಳೊಡನೆ ಅದನ್ನೂ ಎದುರಿಗಿಟ್ಟುಕೊಳ್ಳಬೇಕು.