ದಂತಮೂಲ ಚಿಕಿತ್ಸೆಯಲ್ಲಿ ರೋಪಣವೂ ಪುನರುತ್ಪತ್ತಿಯೂ

ದಂತಮೂಲದ ವ್ಯಾಧಿಗಳು ಭಾರತೀಯ ವೈದ್ಯಶಾಸ್ತ್ರಕ್ಕೆ ಬಹು ಹಿಂದಿನಿಂದಲೂ ಪರಿಚಿತವಾದವು. ಸುಶ್ರುತಸಂಹಿತೆಯ ನಿದಾನಸ್ಥಾನದ 16ನೆಯ ಅಧ್ಯಾಯವು ಮುಖರೋಗಗಳನ್ನು 65 ಎಂದು ಎಣಿಸಿ, ಅವುಗಳಲ್ಲಿ 15ನ್ನು ದಂತಮೂಲಕ್ಕೆ ಸೇರಿಸುತ್ತದೆ. ಶೀತಾದವೆಂಬುದರಲ್ಲಿ ವಸಡು ಮೆತ್ತಗಾಗಿ ದುರ್ಗಂಧದಿಂದ ಕೂಡಿ, ಅಕಸ್ಮಾತ್ತಾಗಿ ರಕ್ತವನ್ನು ಸುರಿಸುವುದು. ದಂತವೇಷ್ಟದಲ್ಲಿ ಕೀವೂ ರಕ್ತವೂ ಒಸರಿ ಹಲ್ಲುಗಳು ಅಲುಗಾಡುವುವು. ಇಂದಿನ ದಂತವೈದ್ಯರು ಹೇಳುವ ಲಕ್ಷಣಗಳೂ ಬಹುಮಟ್ಟಿಗೆ ಇವೇ.

ಚಿಕಿತ್ಸಾಸ್ಥಾನದ 22ನೆಯ ಅಧ್ಯಾಯದಲ್ಲಿ ಇವುಗಳಿಗೆ ಪರಿಹಾರವುಂಟು. ದಂತವೇಷ್ಟದಲ್ಲಿ ರಕ್ತವನ್ನು ಹೊರಡಿಸಿದ ಬಳಿಕ ಲೋಧ್ರ, ಪತ್ತಂಗ, ಯಷ್ಟಿಮಧು, ಅರಗು ಇವುಗಳ ಚೂರ್ಣವನ್ನು ಜೇನಿನೊಡನೆ ತಿಕ್ಕಬೇಕು. ಹಲ್ಲಿಗೆ ಕಟ್ಟಿದ ಶರ್ಕರೆಯನ್ನು ದಂತಮೂಲಕ್ಕೆ ನೋವಾಗದಂತೆ ಕೆರೆದು ತೆಗೆಯಬೇಕು. ಶೋಧನ, ಅನಂತರ ರೋಪಣ: ಕ್ರಮವು ಸ್ಪಷ್ಟವಾಗಿದೆ. ಹೀಗಿರಲು, ಈಚಿನ ಪುನರುತ್ಪತ್ತಿ ಚಿಕಿತ್ಸೆಯೂ ಈ ರೋಪಣವೇ ಅಲ್ಲವೆ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಅಲ್ಲವೆಂದೇ ಉತ್ತರಿಸಬೇಕಾಗಿದೆ, ಕಾರಣವನ್ನು ವಿಚಾರಿಸುವುದು ಯುಕ್ತ.

ರೋಪಣವೆಂದರೆ ವ್ರಣವು ಮಾಯುವುದು. ವಸಡು ಮಾಯ್ದರೂ ಕರಗಿಹೋದ ಎಲುಬು, ಬೇರಿನ ಮೇಲಣ ಸಿಮೆಂಟಮ್ ಎಂಬ ತೆಳುಹೊದಿಕೆ, ಇವೆರಡನ್ನೂ ಬಂಧಿಸುವ ಸೂಕ್ಷ್ಮ ತಂತುಗಳು ಮರಳಿ ಬಾರದಿರಬಹುದು. ಪ್ಯಾರಿಸಿನ ಪಿಯೆರ್ ಫೋಷಾರನು 1728ರಲ್ಲಿ ದಂತವೈದ್ಯವನ್ನು ಕುರಿತು ಮಹಾಗ್ರಂಥವನ್ನು ಪ್ರಕಟಿಸಿದನು. ಆ ಬಳಿಕವೂ ಬಹುಕಾಲ ಶೋಧನವೇ ಚಿಕಿತ್ಸೆಯ ಸಾರವಾಗಿತ್ತು. ಗಾಯವು ಮಾಯುವಾಗ ಒಳಗೆ ನಡೆಯುವುದೇನೆಂಬುದು ಸಾಕಷ್ಟು ತಿಳಿದಿರಲಿಲ್ಲ.

1976ರಲ್ಲಿ ಮೆಲ್ಚರ್ ಎಂಬ ವಿದ್ವಾಂಸರು ಈ ವಿಷಯಕ್ಕೆ ಹೊಸ ಬೆಳಕನ್ನಿತ್ತರು. ಶುದ್ಧಮಾಡಿದ ಬೇರಿನ ಮೇಲ್ಮೈಯನ್ನು ಯಾವ ಜೀವಕೋಶಗಳು ಮೊದಲು ಆಕ್ರಮಿಸುವುವೋ ಅವೇ ಫಲವನ್ನು ನಿರ್ಣಯಿಸುತ್ತವೆಂಬುದು ಅವರ ಅಭಿಪ್ರಾಯ. ವಸಡಿನ ಮೇಲ್ಪೊರೆಯ ಕೋಶಗಳು ಶೀಘ್ರಗಾಮಿಗಳು. ಅವು ಮುಂದಾದರೆ ಬೇರಿಗೂ ಎಲುಬಿಗೂ ಹಳೆಯ ಬಂಧವು ಏರ್ಪಡದು. ತಂತುಬಂಧದಿಂದ ಹೊರಟ ಕೋಶಗಳು ಮುಂದಾದರೆ ಮಾತ್ರ ನಷ್ಟವಾದ ಅಂಗವು ಮತ್ತೆ ಹುಟ್ಟಬಹುದು. ನೈಮನ್, ಲಿಂಡೆ, ಕಾರಿಂಗ್, ರೈಲಾಂಡರ್ ಎಂಬವರು 1982ರಲ್ಲಿ ಇದನ್ನು ಮನುಷ್ಯನಲ್ಲಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಕೆಳದವಡೆಯ ಮುಂದಿನ ಹಲ್ಲೊಂದರ ಬೇರಿಗೂ ವಸಡಿಗೂ ನಡುವೆ ತೆಳುವಾದ ಪೊರೆಯೊಂದನ್ನಿಟ್ಟು ಮೇಲ್ಪೊರೆಯ ಕೋಶಗಳನ್ನು ತಡೆದರು. ಮೂರು ತಿಂಗಳ ಬಳಿಕ ಹಲ್ಲನ್ನು ಸುತ್ತಣ ಅಂಗಗಳೊಡನೆ ತೆಗೆದು ನೋಡಿದಾಗ ಹೊಸ ಸಿಮೆಂಟಮ್ಮೂ ಅದರಲ್ಲಿ ನೆಟ್ಟ ತಂತುಗಳೂ ಕಂಡುಬಂದವು. ತಡೆಯೇ ಇಲ್ಲಿ ಔಷಧವಾಯಿತು.

ಈ ಮಾರ್ಗದಿಂದ ಬೇರೆ ಮಾರ್ಗಗಳೂ ಹುಟ್ಟಿದವು. 1997ರಲ್ಲಿ ಹಮ್ಮರ್‌ಸ್ಟ್ರೋಮ್ ಅವರು, ಹಲ್ಲಿನ ಎನಾಮಲ್ ಉಂಟಾಗುವ ಕಾಲದ ಪ್ರೋಟೀನುಗಳಿಗೆ ಸಿಮೆಂಟಮ್ಮಿನ ಉತ್ಪತ್ತಿಯಲ್ಲಿಯೂ ಪಾತ್ರವುಂಟೆಂದು ತೋರಿಸಿದರು. ಹಂದಿಮರಿಯ ದಂತಾಂಕುರದಿಂದ ತೆಗೆದ ಆ ಪ್ರೋಟೀನುಗಳು ಚಿಕಿತ್ಸೆಗೆ ಬಂದವು. 2004ರಲ್ಲಿ ಕಿತ್ತ ಮೂರನೆಯ ದವಡೆಹಲ್ಲುಗಳ ತಂತುಬಂಧದಲ್ಲಿ ಮೂಲಕೋಶಗಳಿರುವುದು ಪ್ರಕಟವಾಯಿತು. ಕೋಶಗಳನ್ನು ಪ್ರೇರಿಸುವ ಪ್ರೋಟೀನೊಂದಕ್ಕೆ ಅಮೆರಿಕದಲ್ಲಿ 2005ರಲ್ಲಿಯೂ, ಮತ್ತೊಂದಕ್ಕೆ ಜಪಾನಿನಲ್ಲಿ 2016ರಲ್ಲಿಯೂ ಸರ್ಕಾರದ ಅನುಮತಿ ದೊರೆಯಿತು.

ಆದರೂ ಇದು ಸರ್ವಸಾಧಕವಾದ ವಿದ್ಯೆಯಲ್ಲ. ಎಲುಬಿನ ಗೋಡೆಗಳು ಉಳಿದಿರುವ ಆಳವಾದ ಕಿರಿಗುಳಿಯಲ್ಲಿ ಫಲವು ಚೆನ್ನಾಗಿ ಕಾಣುತ್ತದೆ. ಎಲುಬು ಸುತ್ತಲೂ ಸಮನಾಗಿ ತಗ್ಗಿದ್ದಲ್ಲಿ ಅಷ್ಟು ನಿರೀಕ್ಷೆ ಸಲ್ಲದು. ಹೊಗೆಸೊಪ್ಪಿನ ಧೂಮಪಾನವೂ ಬಾಯಿಯ ಅಶುಚಿಯೂ ಫಲವನ್ನು ಕೆಡಿಸುವುವು.

ಸುಶ್ರುತನು ಲಕ್ಷಣಗಳನ್ನು ವಿಂಗಡಿಸಿದುದೂ, ಶೋಧನವನ್ನು ಮೊದಲಿಟ್ಟುದೂ, ದಂತಮೂಲಕ್ಕೆ ಹಿಂಸೆಯಾಗದಿರಲೆಂದುದೂ ನಿಜವಾದ ಗೌರವಕ್ಕೆ ಸಾಲುವ ವಿಷಯಗಳು. ಇಂದಿಗೂ ಶೋಧನವಿಲ್ಲದೆ ಪುನರುತ್ಪತ್ತಿಯಿಲ್ಲ. ಆದರೆ ಯಾವ ಕೋಶವು ಮುಂದೆ ಬರಬೇಕೆಂಬ ವಿವೇಚನೆ ಆ ಗ್ರಂಥದಲ್ಲಿಲ್ಲ. ಇಲ್ಲದುದನ್ನು ಅದರ ಮೇಲೆ ಆರೋಪಿಸಿದರೆ ಅದರಲ್ಲಿ ಇರುವುದರ ಬೆಲೆಯೇ ಮರೆಯಾಗುತ್ತದೆ. ರೋಪಣವೆಂಬ ಶಬ್ದವನ್ನು ಅದರ ಅರ್ಥದಲ್ಲಿಯೇ ಉಳಿಸಿ, ಪುನರುತ್ಪತ್ತಿಗೆ ಬೇರೆ ಹೆಸರನ್ನು ಸಲ್ಲಿಸುವುದೇ ಶಾಸ್ತ್ರಕ್ಕೂ ಚರಿತ್ರೆಗೂ ನ್ಯಾಯ.