ಸಣ್ಣ ಕಾರಿನ ಗೇರ್‌ಬಾಕ್ಸ್ ಗುರುತಿಸುವಿಕೆ

ಕ್ಲಚ್ ಪೆಡಲ್ ಇದ್ದರೆ ಸಾಮಾನ್ಯವಾಗಿ ಅದು ಮ್ಯಾನುಯಲ್. ಎರಡೇ ಪೆಡಲ್ ಇದ್ದಾಗ ಗೊಂದಲ ಶುರು. ‘ಆಟೊಮ್ಯಾಟಿಕ್’ ಎಂಬ ಒಂದೇ ಹೆಸರಿನಡಿ ಹಲವು ಬಗೆಗಳಿವೆ. ಭಾರತದಲ್ಲಿ 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಜನಪ್ರಿಯಗೊಳಿಸಿದ ಎಎಂಟಿ, ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸೇ; ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಇದರ ಲಿವರ್‌ನಲ್ಲಿ ಸಾಮಾನ್ಯವಾಗಿ ‘ಪಿ’ ಇರುವುದಿಲ್ಲ. ಆರ್, ಎನ್, ಡಿ, ಎಂ ಇರುತ್ತವೆ. ಗೇರ್ ಬದಲಾಗುವಾಗ ಎಳೆತ ಕ್ಷಣಕಾಲ ತಪ್ಪಿ, ಕೂತವರ ತಲೆ ತುಸು ಮುಂದಕ್ಕೆ ವಾಲುತ್ತದೆ. ಇನ್ನೊಂದು ಬಗೆಯಾದ ಸಿವಿಟಿಯಲ್ಲಿ ಹಂತಹಂತದ ಗೇರ್‌ಗಳಿಲ್ಲ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದೇ ಸಮನೆ ಮೊರೆಯುತ್ತದೆ, ವೇಗ ನಿಧಾನವಾಗಿ ಏರುತ್ತದೆ. ಟಾರ್ಕ್ ಕನ್ವರ್ಟರ್, ಡ್ಯುಯಲ್ ಕ್ಲಚ್ ಎಂಬ ಉಳಿದೆರಡು ಬಗೆಗಳನ್ನು ಲಿವರ್ ನೋಡಿ ಬೇರ್ಪಡಿಸುವುದು ಕಷ್ಟ. ಮಾದರಿಯ ಹೆಸರನ್ನೂ ನೆಚ್ಚುವಂತಿಲ್ಲ: ಮಾರುತಿಯದೇ ಬಲೆನೊದಲ್ಲಿ ಮೊದಲಿದ್ದ ಸಿವಿಟಿಯ ಜಾಗಕ್ಕೆ 2022ರಲ್ಲಿ ಎಎಂಟಿ ಬಂತು. ಹಳೆಯ ಕಾರು ಕೊಳ್ಳುವವರು ತಯಾರಿಕೆಯ ವರ್ಷ, ವೇರಿಯಂಟ್ ಎರಡನ್ನೂ ನೋಡಬೇಕು.